ಬೇಲೆಯನ್ನು ಬೆಲೆ ಮಾಡಬೇಡಿ: ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಕಳೆದ ತಿಂಗಳು ಅಂಕೋಲೆಯಿಂದ ಕಾರವಾರಕ್ಕೆ ಹೊರಟಿದ್ದಾಗ, ದಾರಿಬದಿಯಲ್ಲಿ ಹೊಸದಾಗಿ ನೆಟ್ಟ ಫಲಕವೊಂದರಲ್ಲಿ ಬೇಲೇಕೇರಿಯ ಹೆಸರು 'ಬೆಲೆಕೆರಿ' ಎಂದಾಗಿದ್ದನ್ನು ಕಂಡೆ. ಫಲಕ ನೆಟ್ಟವರ ಮೇಲೆ ದೂರು ಹೇಳುವುದು ಈ ಪತ್ರದ ಉದ್ದೇಶವಲ್ಲ. ಅಂಥ ತಪ್ಪು ಹೇಗೆ ಹುಟ್ಟುತ್ತದೆ, ಅದರಿಂದ ಏನು ಅಳಿಸಿಹೋಗುತ್ತದೆ ಎಂಬುದನ್ನು ತಮ್ಮ ಗಮನಕ್ಕೆ ತರಬೇಕೆನಿಸಿತು.

ಕರಾವಳಿಯವರಾದ ನಮಗೆ ಬೇಲೆ ಎಂದರೆ ಕಡಲಂಚಿನ ಮರಳು ದಂಡೆ. ದೋಣಿ ಎಳೆದಿಡುವುದೂ ಮೀನು ಒಣಗಿಸುವುದೂ ಅಲ್ಲಿಯೇ. ಸಂಸ್ಕೃತದ 'ವೇಲಾ' ಶಬ್ದಕ್ಕೂ ದಡವೆಂಬ ಅರ್ಥವಿದೆ. ಬೇಲೆಯ ಮೇಲಿನ ಕೇರಿ ಬೇಲೇಕೇರಿ. ಆದರೆ ಈಗ ರೂಢಿಯಲ್ಲಿರುವ ಇಂಗ್ಲಿಷ್ ಬರವಣಿಗೆಯಲ್ಲಿ ಹ್ರಸ್ವ ದೀರ್ಘಗಳ ಭೇದವಿಲ್ಲ, ಲಕಾರ ಳಕಾರಗಳ ಭೇದವೂ ಇಲ್ಲ. ಹಾಗೆ ಬರೆದಿಟ್ಟ ಹೆಸರನ್ನು ಊರು ನೋಡದ ಯಾರೋ ಮತ್ತೆ ಕನ್ನಡಕ್ಕೆ ಇಳಿಸಿದರೆ ದಂಡೆ ಹೋಗಿ ದರ ಉಳಿಯುತ್ತದೆ. ಬ್ರಿಟಿಷರ ಕಾಲದಲ್ಲಿ, 1883ರಲ್ಲಿ ಹೊರಬಂದ ಮುಂಬಯಿ ಪ್ರಾಂತದ ಗೆಜೆಟಿಯರ್‌ನಲ್ಲಿ ಕಾರವಾರದ ಕಾ, ವಾ ಎರಡರ ದೀರ್ಘಕ್ಕೂ ಗೀಟು ಹಾಕಿ ಅಚ್ಚು ಮಾಡಿದ್ದರು. ಪರದೇಶದವರಿಗಿದ್ದ ಆ ಎಚ್ಚರ ನಮಗೆ ಬೇಡವೇ?

ಹೆಸರಿನ ಅಕ್ಷರ ಸರಿಯಿದ್ದರೂ ಅರ್ಥ ಹೇಳುವಾಗ ಎಡವುವುದುಂಟು. ಗೇರುಸೊಪ್ಪೆಯ ಹೆಸರನ್ನು ಗೋಡಂಬಿಗೆ ಜೋಡಿಸಿ ಹೇಳುವವರನ್ನು ನಾನೇ ಕೇಳಿದ್ದೇನೆ. ಗೋಡಂಬಿ ಬ್ರೆಜಿಲ್ ಮೂಲದ ಗಿಡ. ಪೋರ್ಚುಗೀಸರು ಅದನ್ನು ಈ ಕರಾವಳಿಗೆ ತಂದದ್ದು ಹದಿನಾರನೆಯ ಶತಮಾನದಲ್ಲಿ. ಗೇರುಸೊಪ್ಪೆಯಾದರೋ ಅವರು ಬರುವ ಮುಂಚೆಯೇ ಅರಸರ ಊರಾಗಿತ್ತು. ಅದರ ಸಂಸ್ಕೃತ ರೂಪ ಭಲ್ಲಾತಕೀಪುರ. ಭಲ್ಲಾತಕವೆಂದರೆ ಅಗಸರು ಬಟ್ಟೆಗೆ ಗುರುತು ಹಾಕಲು ಕಪ್ಪು ರಸ ಬಳಸುತ್ತಿದ್ದ ಕಾಡುಗೇರು. ಹೊಸ ಬೀಜ ಬಂದಾಗ ನಮ್ಮ ಹಿರಿಯರು ಹಳೆಯ ಗೇರಿನ ಹೆಸರನ್ನೇ ಅದಕ್ಕೂ ಕೊಟ್ಟರು. ಇತ್ತ ಕಾರವಾರದ ಕಾಜುಬಾಗದಲ್ಲಿ ಅದೇ ಬೀಜದ ಪೋರ್ಚುಗೀಸ್ ಹೆಸರು, ಬ್ರೆಜಿಲಿನ ತುಪಿ ಜನರ ನುಡಿಯಿಂದ ಬಂದದ್ದು, ತೋಟವೆಂಬರ್ಥದ ಪಾರಸಿಯ 'ಬಾಗ್' ಜೊತೆ ಕೂಡಿಕೊಂಡಿದೆ. ಒಂದೇ ಜಿಲ್ಲೆಯ ಎರಡು ಹೆಸರುಗಳಲ್ಲಿ ಇಷ್ಟೆಲ್ಲ ಅಡಗಿರುವಾಗ, ಶಿರೀಷ ಮರದಿಂದ ಶಿರಸಿ ಎಂಬಂಥ ವಾಡಿಕೆಯ ಮಾತನ್ನು ಫಲಕದ ಮೇಲೆ ಇತಿಹಾಸವೆಂದು ಕೆತ್ತಿಸುವ ಮುನ್ನ ಎರಡು ಸಲ ಯೋಚಿಸಬೇಕಾಗುತ್ತದೆ.

ದೊಡ್ಡ ಊರುಗಳ ಹೆಸರು ಹೇಗೋ ಬದುಕಿಕೊಳ್ಳುತ್ತದೆ. ನನ್ನ ಚಿಂತೆ ಗ್ರಾಮದೊಳಗಿನ ಸಣ್ಣ ಸಣ್ಣ ಕೇರಿಗಳಾದ ಮಜರೆಗಳದ್ದು. ನದಿಯ ನಡುಗಡ್ಡೆಗೆ ಕುರ್ವೆ ಎನ್ನುವ ರೂಢಿ ಇದ್ದುದರಿಂದಲೇ ಶರಾವತಿಯಲ್ಲಿ ಮಾವಿನಕುರ್ವೆ, ಅಘನಾಶಿನಿಯಲ್ಲಿ ಐಗಳಕುರ್ವೆ ಎಂಬ ಹೆಸರುಗಳಾದವು. ಘಟ್ಟದ ಮೇಲಿನ ಜಡ್ಡಿ, ಸರ, ಹಕ್ಕಲು, ಕೆಳಗಿನ ಮಕ್ಕಿ, ಬೈಲು, ಗಜನಿ ಇವೆಲ್ಲ ನೆಲದ ಗುಣ ತಿಳಿದವರು ಇಟ್ಟ ಹೆಸರುಗಳು. ಗಜನಿ ಎಂದೊಡನೆ ಉಪ್ಪುನೀರು ನುಗ್ಗುವ, ಕಗ್ಗ ಭತ್ತ ಬೆಳೆಯುವ ಗದ್ದೆ ಕಣ್ಣಮುಂದೆ ಬರುತ್ತದೆ. ಇಂಥ ಕಡೆಗಳಿಗೆ ಯಾವುದೋ 'ನಗರ', 'ಪುರ' ಅಂಟಿಸಿದರೆ ಆ ತಿಳಿವಳಿಕೆಯೂ ಕಳಚಿಬೀಳುತ್ತದೆ.

ಆದ್ದರಿಂದ, ಹೊಸ ಫಲಕಗಳಿಗೆ ಹೆಸರು ಕಳಿಸುವ ಮುನ್ನ ಪ್ರತಿ ಗ್ರಾಮದ ಮಜರೆಗಳ ಪಟ್ಟಿಯನ್ನು ಗ್ರಾಮ ಆಡಳಿತ ಅಧಿಕಾರಿಗಳ ಮೂಲಕ, ಊರಿನ ಹಿರಿಯರ ಬಾಯಿಂದ ಕೇಳಿಯೇ ಕನ್ನಡದಲ್ಲಿ ಬರೆಸಿ, ಪಹಣಿಯೊಡನೆ ತಾಳೆ ನೋಡಿಸಬೇಕೆಂದು ಕೋರುತ್ತೇನೆ. ಕಾರವಾರದ ಸುತ್ತಮುತ್ತ ಕೊಂಕಣಿಗರ ಉಚ್ಚಾರವನ್ನೂ ಪಕ್ಕದಲ್ಲಿ ದಾಖಲಿಸಬೇಕು. ಪಟ್ಟಿಯ ಕರಡನ್ನು ಒಂದು ತಿಂಗಳ ಮಟ್ಟಿಗೆ ಗ್ರಾಮ ಪಂಚಾಯಿತಿಗಳ ಗೋಡೆಗೆ ಅಂಟಿಸಿದರೆ ತಿದ್ದುಪಡಿ ಹೇಳಲು ಜನರೇ ಬರುತ್ತಾರೆ. ಬೇಲೇಕೇರಿಯ ಫಲಕವನ್ನು ಮಾತ್ರ ಅಲ್ಲಿಯವರೆಗೆ ಕಾಯದೆ ಸರಿಪಡಿಸಲು ಸಂಬಂಧಪಟ್ಟವರಿಗೆ ಸೂಚಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಅಂಕೋಲಾ ತಾಲೂಕಿನ ಒಬ್ಬ ನಾಗರಿಕ