ಏಳನೇ ಅಧ್ಯಾಯ

ಪ್ರಿಯ ತಮ್ಮಾ,

ನಿನ್ನ ಹಸ್ತಪ್ರತಿ ಬಂದು ಮೂರು ವಾರವಾಯಿತು. ಸಿನಿಮಾದಲ್ಲಿರುವ ಗೆಳೆಯ ಓದಿ, ‘ಕಥೆ ಚೆನ್ನಾಗಿದೆ, ಹೀರೋಗೆ ಎಮೋಷನ್ ಇಲ್ಲ, ಒಂದು ಫ್ಲ್ಯಾಶ್‌ಬ್ಯಾಕ್ ಹಾಕು’ ಅಂದನಂತೆ. ನೀನು ಎರಡು ರಾತ್ರಿ ನಿದ್ದೆಗೆಟ್ಟು ಏಳನೇ ಅಧ್ಯಾಯ ಸೇರಿಸಿದೆಯಂತೆ. ಈಗ ಇಡೀ ಕಾದಂಬರಿಯೇ ಸುಳ್ಳು ಅನ್ನಿಸುತ್ತಿದೆ, ಬರೆಯುವ ಸಹವಾಸವೇ ಬೇಡ ಅನ್ನುತ್ತೀಯ. ಅಧ್ಯಾಯ ಎಷ್ಟುದ್ದ ಇರಬೇಕು, ಯಾವ ಪ್ರಕಾಶಕರಿಗೆ ಕಳಿಸಬೇಕು ಅಂತೆಲ್ಲ ಕೇಳಿದ್ದೀಯಲ್ಲ, ಅವು ಹೇಗೋ ಆಗುತ್ತವೆ ಬಿಡು.

ನಿನ್ನ ಹೀರೋ ಬ್ಲೇಡ್ ಸೀನನ ಮೊದಲ ಆರು ಅಧ್ಯಾಯ ಕೂತಲ್ಲೇ ಓದಿ ಮುಗಿಸಿದೆ. ಕಲಾಸಿಪಾಳ್ಯದ ಲಾರಿ ಆಫೀಸಿನಲ್ಲಿ ಮಾಮೂಲಿ ಎಣಿಸುತ್ತಾ ಹರಿದ ಹತ್ತು ರೂಪಾಯಿ ನೋಟನ್ನು ಪಕ್ಕಕ್ಕೆ ತೆಗೆದಿಟ್ಟು, ‘ಇದೊಂದು ಬದಲಾಯಿಸಿ ಕೊಡಿ ಅಣ್ಣ’ ಅಂತ ಮರ್ಯಾದೆಯಿಂದ ಕೇಳುತ್ತಾನಲ್ಲ, ಅಲ್ಲಿ ನನಗೆ ನಿಜವಾಗಿ ಹೆದರಿಕೆಯಾಯಿತು. ಏಳನೆಯದರಲ್ಲಿ ಅವನಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಸಾಯುತ್ತಾಳೆ, ಇವನು ಸೆರಗು ಹಿಡಿದು ಮಳೆಯಲ್ಲಿ ಅಳುತ್ತಾನೆ. ನಾನು ಹಾಳೆ ಮಗುಚಿಟ್ಟು ಕಾಫಿ ಮಾಡಿಕೊಳ್ಳಲು ಎದ್ದೆ.

ಡೊನಾಲ್ಡ್ ವೆಸ್ಟ್‌ಲೇಕ್ ಅಂತ ಒಬ್ಬ ಅಮೆರಿಕನ್. ರಿಚರ್ಡ್ ಸ್ಟಾರ್ಕ್ ಅನ್ನುವ ಹೆಸರಿಟ್ಟುಕೊಂಡು 1962ರಲ್ಲಿ ‘ದಿ ಹಂಟರ್’ ಬರೆದ. ಅದರಲ್ಲಿ ಪಾರ್ಕರ್ ಎಂಬ ದರೋಡೆಕೋರ. ಹೆಂಡತಿಯೂ ಜೊತೆಗಾರನೂ ಸೇರಿ ಮೋಸ ಮಾಡಿರುತ್ತಾರೆ; ಅವನ ಪಾಲಿನ 45,000 ಡಾಲರ್ ಭೂಗತ ಕೂಟದ ಗಲ್ಲಾಪೆಟ್ಟಿಗೆ ಸೇರಿರುತ್ತದೆ. ಅದನ್ನು ವಸೂಲಿ ಮಾಡಲು ಜಾರ್ಜ್ ವಾಷಿಂಗ್ಟನ್ ಸೇತುವೆಯ ಮೇಲೆ ನಡೆದು ನ್ಯೂಯಾರ್ಕಿಗೆ ಬರುತ್ತಾನೆ. ಕಾರಿನವನೊಬ್ಬ ಹತ್ತಿಕೋ ಅಂದರೆ ಬೈದು ಕಳಿಸುತ್ತಾನೆ. ವೆಸ್ಟ್‌ಲೇಕ್ ಒಮ್ಮೆ ತಾನೇ ಆ ಸೇತುವೆಯನ್ನು ಬೀಸುಗಾಳಿಯಲ್ಲಿ ನಡೆದು ದಾಟಿದ್ದನಂತೆ. ಪಾತ್ರ ಹುಟ್ಟಿದ್ದು ಅಲ್ಲಿ. ಆ ಪಾರ್ಕರ್‌ಗೆ ಬಾಲ್ಯವಿಲ್ಲ, ಅಳುವ ಅಮ್ಮನಿಲ್ಲ, ಮೊದಲ ಹೆಸರು ಕೂಡ ಇಲ್ಲ.

ಕಾರಣ ಕೇಳು. ಮೊದಲ ಕರಡಿನಲ್ಲಿ ಅವನು ಕೊನೆಗೆ ಪೊಲೀಸರಿಗೆ ಸಿಕ್ಕಿಬೀಳುತ್ತಿದ್ದ. ಒಂದೇ ಪುಸ್ತಕದ ಗಿರಾಕಿ ತಾನೇ ಅಂತ, ಅವನನ್ನು ಓದುಗರಿಗೆ ಹಿಡಿಸುವ ಹಾಗೆ ಮಾಡುವ ಗೊಡವೆಗೇ ವೆಸ್ಟ್‌ಲೇಕ್ ಹೋಗಲಿಲ್ಲ. ಸಂಪಾದಕ ಓದಿ, ಇವನು ತಪ್ಪಿಸಿಕೊಳ್ಳಲಿ, ವರ್ಷಕ್ಕೆ ಮೂರು ಪುಸ್ತಕ ಕೊಡಲಾಗುತ್ತದೆಯೇ ಅಂದ. ಒಟ್ಟು 24 ಆದವು. ಯಾರಿಗೂ ಇಷ್ಟವಾಗಬೇಕಿಲ್ಲ ಎಂದು ಬರೆದ ಪಾತ್ರ ಎಲ್ಲರಿಗೂ ಬೇಕಾಯಿತು.

ಸಿನಿಮಾದವರು ಬಂದಾಗ ವೆಸ್ಟ್‌ಲೇಕ್ ಕಥೆ ಮಾರಿದ, ಹೆಸರು ಮಾರಲಿಲ್ಲ. ಸರಣಿ ಮಾಡುವುದಾದರೆ ಮಾತ್ರ ಪಾರ್ಕರ್ ಅನ್ನಿ ಎಂಬುದು ಆತನ ಹಟ. ಹಾಗಾಗಿ 1967ರ ‘ಪಾಯಿಂಟ್ ಬ್ಲ್ಯಾಂಕ್’ನಲ್ಲಿ ಲೀ ಮಾರ್ವಿನ್ ವಾಕರ್ ಆದ, 1973ರಲ್ಲಿ ರಾಬರ್ಟ್ ಡುವಾಲ್ ಮ್ಯಾಕ್ಲಿನ್ ಆದ, 1999ರ ‘ಪೇಬ್ಯಾಕ್’ನಲ್ಲಿ ಮೆಲ್ ಗಿಬ್ಸನ್ ಪೋರ್ಟರ್ ಆದ. ‘ಪಾಯಿಂಟ್ ಬ್ಲ್ಯಾಂಕ್’ ನೋಡು. ನಿರ್ದೇಶಕ ಜಾನ್ ಬೂರ್‌ಮನ್ ನ್ಯೂಯಾರ್ಕ್ ಬಿಟ್ಟು ಲಾಸ್ ಏಂಜಲೀಸ್‌ಗೆ ಹೋದ, ಬಾಕಿಯನ್ನು 93,000ಕ್ಕೆ ಏರಿಸಿದ, ಸೇತುವೆಯ ಸುದ್ದಿಯೇ ಇಲ್ಲ. ಆದರೆ ವಿಮಾನ ನಿಲ್ದಾಣದ ಉದ್ದ ಓಣಿಯಲ್ಲಿ ಮಾರ್ವಿನ್ ನಡೆಯುತ್ತಾನೆ, ಟಕ್ ಟಕ್ ಟಕ್. ದೃಶ್ಯ ಬದಲಾಗಿ ಹೆಂಡತಿ ಕನ್ನಡಿಯ ಮುಂದೆ ಕೂತಿದ್ದರೂ ಬೂಟಿನ ಸದ್ದು ನಿಲ್ಲುವುದಿಲ್ಲ. ಪುಸ್ತಕದ ಆ ನಡಿಗೆ ಅಲ್ಲಿ ಬಂದುಬಿಟ್ಟಿದೆ, ಯಾರ ಕ್ಷಮೆಯನ್ನೂ ಕೇಳದೆ.

‘ಪೇಬ್ಯಾಕ್’ ಕಥೆ ಬೇರೆ. ನಿರ್ದೇಶಕ ಬ್ರಯಾನ್ ಹೆಲ್ಗೆಲಂಡ್ ಮಾಡಿದ್ದು ತೀರಾ ಒರಟಾಯಿತು ಅಂತ ಆತನನ್ನು ಪಕ್ಕಕ್ಕೆ ಸರಿಸಿ, ಕೊನೆಯ ಭಾಗವನ್ನು ಬೇರೆ ಶೂಟ್ ಮಾಡಿಸಿದರು. ಆತನ ಮೂಲ ಆವೃತ್ತಿಯೂ ಆಮೇಲೆ ಹೊರಬಂತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡು. ವೆಸ್ಟ್‌ಲೇಕ್ 2008ರ ಕೊನೆಯ ದಿನ ತೀರಿಕೊಂಡ. 2013ರ ಸಿನಿಮಾದಲ್ಲಿ ನಟ ಜೇಸನ್ ಸ್ಟೇಥಮ್‌ಗೆ ಪಾರ್ಕರ್ ಎಂಬ ಹೆಸರು ಸಿಕ್ಕಿತು. ಆ ಪಾರ್ಕರ್ ಉಳ್ಳವರ ಹತ್ತಿರ ಮಾತ್ರ ಕದಿಯುತ್ತೇನೆ ಅಂತ ನೀತಿ ಹೇಳುತ್ತಾನೆ. ಹೆಸರು ಬಂತು, ಆಸಾಮಿ ಬರಲಿಲ್ಲ.

ನನಗೇಕೆ ಇಷ್ಟು ಉರಿ ಅನ್ನುತ್ತೀಯ? ನನ್ನ ಎರಡನೇ ಕಾದಂಬರಿ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿದ್ದಾಗ ಗಾಂಧಿನಗರದ ನಿರ್ಮಾಪಕರೊಬ್ಬರು ಕರೆಸಿದರು. ಮಸಾಲೆ ದೋಸೆ ತರಿಸಿ, ಹತ್ತು ಸಾವಿರದ ಅಡ್ವಾನ್ಸ್ ಕವರನ್ನು ಸಾಂಬಾರ್ ಬಟ್ಟಲಿನ ಪಕ್ಕ ಇಟ್ಟು, ‘ನಿಮ್ಮ ಮೀಟರ್ ಬಡ್ಡಿಯವನು ಕೊನೆಗೆ ಪಶ್ಚಾತ್ತಾಪ ಪಡಲಿ, ಲೇಡೀಸ್ ಬರ್ತಾರೆ’ ಅಂದರು. ಮನೆಗೆ ಬಂದು ಕೊನೆಯ ಮೂರು ಕಂತು ತಿದ್ದಿದೆ. ಸಿನಿಮಾ ಆಗಲಿಲ್ಲ. ಪುಸ್ತಕ ಮಾತ್ರ ಪಶ್ಚಾತ್ತಾಪದ ಸಮೇತ ಅಚ್ಚಾಯಿತು. ಮೂಲದ ಕಾರ್ಬನ್ ಪ್ರತಿಯನ್ನು ಅಟ್ಟದಲ್ಲಿ ಗೆದ್ದಲು ತಿಂದವು. ಈಗ ನೆನಪಿನಿಂದ ಬರೆಯಲು ಕೂತರೆ ಆ ಮನುಷ್ಯ ನನ್ನ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ‘ಕೊನೆ ಓದಿ ಅತ್ತುಬಿಟ್ಟೆವು ಸರ್’ ಅಂತ ಯಾರಾದರೂ ಅಂದರೆ ಮೈ ಉರಿಯುತ್ತದೆ. ಥ್ಯಾಂಕ್ಸ್ ಅಂತೀನಿ.

ಸೀನನಿಗೆ ಅಮ್ಮನೇ ಬೇಡ ಅನ್ನುತ್ತಿಲ್ಲ ಮಾರಾಯ. ಇರಲಿ, ಗಟ್ಟಿಮುಟ್ಟಾಗಿ ಬದುಕಿರಲಿ. ಅವನು ತಂದ ದುಡ್ಡನ್ನು ಎರಡೆರಡು ಸಲ ಎಣಿಸಿ, ಅವಳೂ ಹರಿದ ನೋಟನ್ನು ಪಕ್ಕಕ್ಕೆ ತೆಗೆದಿಡಲಿ. ಛೆ, ನಿನ್ನ ಕಾದಂಬರಿಯನ್ನು ನಾನೇ ಬರೆಯಲು ಹೊರಟೆ ನೋಡು.

ಹಸ್ತಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಏಳನೇ ಅಧ್ಯಾಯ ಅದರಲ್ಲಿಲ್ಲ, ನನ್ನ ಮೇಜಿನ ಡ್ರಾದಲ್ಲಿದೆ. ಬೇಕೇ ಬೇಕು ಅನ್ನಿಸಿದರೆ ಭಾನುವಾರ ಬಂದು ತಗೊಂಡು ಹೋಗು. ಮಧ್ಯಾಹ್ನದೊಳಗೆ ಬಾ, ಊಟ ಇಲ್ಲೇ.