ಗೋವಾದ ಬಬಲ್ ಸೀಸನ್ ಮುಗಿದ ಮೇಲೆ ಹೇಳಲೇಬೇಕಾದ ಥ್ಯಾಂಕ್ಸ್

ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್‌ನ 2020-21ರ ಸೀಸನ್ ಮುಗಿಯಿತು. ಮಾರ್ಚ್ 13ರಂದು ಫತೋರ್ಡಾದಲ್ಲಿ ನಡೆದ ಫೈನಲ್‌ನಲ್ಲಿ ಬಿಪಿನ್ ಸಿಂಗ್ 90ನೇ ನಿಮಿಷದಲ್ಲಿ ಗೋಲು ಹೊಡೆದರು, ಮುಂಬೈ ಸಿಟಿ ಕಪ್ ಎತ್ತಿತು. ಅಷ್ಟರಲ್ಲಿ ನಾವೆಲ್ಲ ಬ್ಯಾಗ್ ಕಟ್ಟಿಕೊಂಡು ಊರು ಸೇರಿಯಾಗಿತ್ತು. ಅವತ್ತಿನಿಂದ ಇದನ್ನು ಬರೆಯಬೇಕು ಅಂದುಕೊಳ್ಳುತ್ತಲೇ ಇದ್ದೇನೆ.

ಮೊದಲು ಎಲ್ಲರಿಗೂ ಒಟ್ಟಿಗೆ. ನನ್ನನ್ನು ನಂಬಿ ತಂಡದ ವಿಡಿಯೋ ವಿಶ್ಲೇಷಣೆಯ ಕೆಲಸ ಕೊಟ್ಟ ಕೋಚ್, ಜೊತೆಗಿದ್ದ ಫಿಸಿಯೋಗಳು, ಟೀಮ್ ಡಾಕ್ಟರ್, ಹೋಟೆಲ್ ಸಿಬ್ಬಂದಿ, ನನ್ನ ವಿಡಿಯೋ ಮೀಟಿಂಗ್‌ಗಳನ್ನು ತಾಳ್ಮೆಯಿಂದ ಕೇಳಿದ ಆಟಗಾರರು, ದಿನಾ ಮೆಸೇಜ್ ಮಾಡಿ ವಿಚಾರಿಸಿದ ಗೆಳೆಯರು: ನಿಮ್ಮೆಲ್ಲರಿಗೂ ಮನಸಾರೆ ಥ್ಯಾಂಕ್ಸ್. ಒಬ್ಬೊಬ್ಬರ ಬಗ್ಗೆಯೂ ಬರೆಯಬಹುದು. ಆದರೆ ಇವತ್ತು ನಾನು ಬರೆಯಲು ಕೂತಿರುವುದು ಒಬ್ಬರ ಬಗ್ಗೆ.

ಈ ಸೀಸನ್ ಹೇಗಿತ್ತು ಅಂತ ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಕೊರೋನಾ ಕಾರಣಕ್ಕೆ 11 ತಂಡಗಳೂ ಗೋವಾದಲ್ಲೇ, ಹೊರಗಿನವರ ಸಂಪರ್ಕವಿಲ್ಲದ 'ಬಬಲ್'ನಲ್ಲಿ ಉಳಿದವು. ಫತೋರ್ಡಾ, ಬಾಂಬೋಲಿಂ, ವಾಸ್ಕೋದ ತಿಲಕ್ ಮೈದಾನ, ಈ ಮೂರೇ ಕಡೆ ಎಲ್ಲ ಮ್ಯಾಚ್. ಒಂದೊಂದು ತಂಡಕ್ಕೆ ಲೀಗ್ ಹಂತದಲ್ಲೇ 20 ಆಟ. ಹೋಟೆಲ್, ಬಸ್, ಮೈದಾನ, ಮತ್ತೆ ಹೋಟೆಲ್. ಮೂಗಿಗೆ ಕಡ್ಡಿ ಹಾಕಿಸಿಕೊಳ್ಳುವುದು ಹಲ್ಲುಜ್ಜಿದಷ್ಟೇ ಮಾಮೂಲಿಯಾಗಿತ್ತು. ಗ್ಯಾಲರಿ ಪೂರ್ತಿ ಖಾಲಿ. ಟಿವಿಯಲ್ಲಿ ನಿಮಗೆ ಕೇಳುತ್ತಿದ್ದ ಜನರ ಗದ್ದಲ ರೆಕಾರ್ಡ್ ಮಾಡಿದ್ದು. ನಮಗೆ ಕೇಳುತ್ತಿದ್ದದ್ದು ಗೋಲ್‌ಕೀಪರ್ ಡಿಫೆಂಡರ್‌ಗಳಿಗೆ ಕೂಗುವುದು, ಚೆಂಡಿಗೆ ಬೂಟು ತಾಗುವ ಸದ್ದು, ಎದುರು ಬೆಂಚಿನವರ ಬೈಗುಳ.

ಈ ಸೀಸನ್ ಅಂದರೆ ಜನ ಒಡಿಶಾ ಮತ್ತು ಈಸ್ಟ್ ಬೆಂಗಾಲ್ ನಡುವಿನ 6-5 ಮ್ಯಾಚ್ ನೆನಪಿಸಿಕೊಳ್ಳುತ್ತಾರೆ. ಖಾಲಿದ್ ಜಮೀಲ್ ಸೀಸನ್ ಮಧ್ಯದಲ್ಲಿ ಹಂಗಾಮಿ ಕೋಚ್ ಆಗಿ ನಾರ್ತ್‌ಈಸ್ಟ್ ಯುನೈಟೆಡ್ ತಂಡವನ್ನು ಸೆಮಿಫೈನಲ್‌ವರೆಗೆ ಕರೆದುಕೊಂಡು ಹೋದದ್ದನ್ನು ಹೇಳುತ್ತಾರೆ. ಅದು ನನಗೂ ತುಂಬಾ ಖುಷಿ ಕೊಟ್ಟ ಸಂಗತಿ. ಆದರೆ ನನಗೆ ಮೊದಲು ನೆನಪಾಗುವುದು ನಮ್ಮ ಹೋಟೆಲ್‌ನಲ್ಲಿ ಜರ್ಸಿ, ಬೂಟು ಇಡುತ್ತಿದ್ದ ಕಿಟ್ ರೂಮ್.

ಆಸ್ಪತ್ರೆ ಸೇರಿದ್ದ ಅಪ್ಪನಿಗೆ ಏನಾಯಿತು ಅಂತ ನಿಮಗೆಲ್ಲ ಗೊತ್ತು, ಮತ್ತೆ ಬರೆಯುವುದಿಲ್ಲ. ಜನವರಿಯ ಆ ರಾತ್ರಿ ತಂಗಿ ಒಬ್ಬಳೇ ಆಸ್ಪತ್ರೆಯ ಹೊರಗೆ ಕೂತಿದ್ದಳು. ಮರುದಿನ ಸಂಜೆ ಏಳೂವರೆಗೆ ನಮ್ಮ ಮ್ಯಾಚ್. 'ಹೊರಡುವುದಾದರೆ ಈಗಲೇ ಹೊರಡು' ಅಂತ ಕೋಚ್ ಹೇಳಿದ್ದರು. 'ಬಂದರೂ ವಾರ್ಡ್ ಒಳಗೆ ಬಿಡಲ್ಲ ಅಣ್ಣಾ, ಅಲ್ಲೇ ಇರು' ಅಂತ ತಂಗಿ ಹೇಳಿದ್ದಳು. ರೂಮಿನಲ್ಲಿ ಕೂರಲು ಆಗದೆ ಕಾರಿಡಾರಿನಲ್ಲಿ ಸುಮ್ನೆ ಓಡಾಡುತ್ತಿದ್ದೆ. ಕೊನೆಯಲ್ಲಿ ಕಿಟ್ ರೂಮಿನ ಬಾಗಿಲು ತೆರೆದಿತ್ತು. ಒಳಗೆ ನಮ್ಮ ಕಿಟ್ ನೋಡಿಕೊಳ್ಳುವ ಅಣ್ಣ. ಬೆಳಗಾವಿ ಕಡೆಯವರು. ಬಬಲ್‌ನಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದದ್ದು ಅವರೊಬ್ಬರೇ.

'ಹೋಗೂದಾದ್ರ ಹೋಗು ತಮ್ಮಾ, ನಿನ್ನ ಬ್ಯಾಗ್ ನಾ ತುಂಬ್ತೀನಿ. ಇರೂದಾದ್ರ ಒಬ್ಬನ ಇರಬ್ಯಾಡ. ಇಲ್ಲಿ ಕುಂದ್ರು, ಕೆಲಸ ಐತಿ' ಅಂದರು.

ಕೂತೆ. ಸಾಕ್ಸ್ ರಾಶಿ ಮುಂದೆ ತಂದು ಸುರಿದರು, ಜೋಡಿ ಮಾಡು ಅಂತ. ಅವರು ಜರ್ಸಿ ಮಡಚುತ್ತಿದ್ದರು. ಒಬ್ಬ ಆಟಗಾರನಿಗೆ ಎರಡು ಜರ್ಸಿ, ಅರ್ಧ ಆಟ ಮುಗಿದ ಮೇಲೆ ಹಾಕಿಕೊಳ್ಳಲು ಒಂದು. ನಂಬರ್ ಮೇಲೆ ಬರುವ ಹಾಗೆ ಮಡಚಬೇಕು, ಅಂಚು ಒಂದಕ್ಕೊಂದು ಕೂರಬೇಕು. ಆಮೇಲೆ ಬೂಟು. ಇಬ್ಬನಿ ಬಿದ್ದರೆ ಹುಲ್ಲು ಜಾರುತ್ತದೆ ಅಂತ ಅಡಿಯಲ್ಲಿ ಉದ್ದದ ಸ್ಟಡ್ (ಹಿಡಿತಕ್ಕಿರುವ ಮೊಳೆ) ಇರುವ ಬೂಟುಗಳನ್ನು ಬೇರೆ ತೆಗೆದು, ಒಂದೊಂದು ಸ್ಟಡ್ಡನ್ನೂ ಕೈಯಲ್ಲಿ ಅಲುಗಾಡಿಸಿ ನೋಡಿ ಬಿಗಿ ಮಾಡುತ್ತಿದ್ದರು. ಮೂಲೆಯಲ್ಲಿ ಡ್ರೈಯರ್ ಜೋರಾಗಿ ಸದ್ದು ಮಾಡುತ್ತಿತ್ತು. ನನ್ನ ಫೋನ್ ಬೆಳಗಿದಾಗಲೆಲ್ಲ ಅವರು ಎದ್ದು ಹೋಗಿ ಅದನ್ನು ನಿಲ್ಲಿಸುತ್ತಿದ್ದರು, ತಂಗಿಯ ಮಾತು ನನಗೆ ಸರಿಯಾಗಿ ಕೇಳಲಿ ಅಂತ. ಮಾತು ಮುಗಿದ ಮೇಲೆ ಮತ್ತೆ ಹಾಕುತ್ತಿದ್ದರು. ಏನಂದಳು ಅಂತ ಕೇಳುತ್ತಿರಲಿಲ್ಲ. ನಾನಾಗಿಯೇ ಹೇಳಿದರೆ ಕೆಲಸ ಬಿಟ್ಟು ನನ್ನ ಮುಖ ನೋಡಿ ಕೇಳುತ್ತಿದ್ದರು.

ಎಲ್ಲಾ ಸರಿಹೋಗುತ್ತೆ ಅಂತ ಅವರು ಒಮ್ಮೆಯೂ ಹೇಳಲಿಲ್ಲ. ಆ ಮಾತು ಅವತ್ತು ಎಷ್ಟೋ ಜನರ ಬಾಯಲ್ಲಿ ಕೇಳಿದ್ದೆ. ಪ್ರೀತಿಯಿಂದಲೇ ಹೇಳಿದ್ದರು, ಆದರೆ ಕೇಳಿದಷ್ಟೂ ಹೆದರಿಕೆ ಜಾಸ್ತಿಯಾಗುತ್ತಿತ್ತು.

ನಡುರಾತ್ರಿ ದಾಟಿದ ಮೇಲೆ ಒಂದು ಫೋನ್ ಬಂತು. ಅದಾದ ಮೇಲೆ ನನಗೆ ತಡೆಯಲು ಆಗಲಿಲ್ಲ. ಅಪ್ಪ ಉಸಿರಿಗೆ ಒದ್ದಾಡುತ್ತಿರುವಾಗ ನಾನಿಲ್ಲಿ ಎದುರಾಳಿಗಳು ಕಾರ್ನರ್ ಹೇಗೆ ಹೊಡೆಯುತ್ತಾರೆ ಅಂತ ಕ್ಲಿಪ್ ಕತ್ತರಿಸಬೇಕಾ? ಯಾರಿಗೆ ಬೇಕು ಈ ಆಟ? ಇನ್ನೂ ಏನೇನೋ ಅಂದೆ. ಚಿಕ್ಕಂದಿನಿಂದ ನನ್ನ ಉಸಿರೇ ಆಗಿದ್ದ ಫುಟ್‌ಬಾಲ್ ಅವತ್ತು ನನಗೆ ಬೇಡವಾಗಿತ್ತು. ಅವರು ಪಕ್ಕಕ್ಕೆ ಬಂದು ಕೂತು ನನ್ನ ಬೆನ್ನ ಮೇಲೆ ಕೈ ಇಟ್ಟರು. ನಾನು ಅತ್ತು ಮುಗಿಸುವವರೆಗೂ ಕೈ ತೆಗೆಯಲಿಲ್ಲ.

ಆಮೇಲೆ ನನ್ನ ಲ್ಯಾಪ್‌ಟಾಪ್ ತಂದುಕೊಟ್ಟು, ಕಿಟ್ ಪೆಟ್ಟಿಗೆಯ ಮೇಲೆ ಜಾಗ ಮಾಡಿಕೊಟ್ಟರು. ಬೆಳಗಾಗುವ ಹೊತ್ತಿಗೆ ಕ್ಲಿಪ್‌ಗಳೂ ಮುಗಿದಿದ್ದವು, ಜರ್ಸಿಗಳೂ ಪೆಟ್ಟಿಗೆ ಸೇರಿದ್ದವು. ತಂಗಿಯಿಂದ ಒಂದಿಷ್ಟು ಧೈರ್ಯ ಬರುವಂಥ ಸುದ್ದಿ ಬಂದದ್ದೂ ಆಗಲೇ. ಅವರು ಕಣ್ಣು ಮುಚ್ಚಿರಲಿಲ್ಲ. ಆದರೂ ಸಂಜೆ ನಮ್ಮ ಬಸ್ ಮೈದಾನ ತಲುಪುವಷ್ಟರಲ್ಲಿ ಡ್ರೆಸ್ಸಿಂಗ್ ರೂಮ್ ಸಿದ್ಧವಾಗಿತ್ತು. ಪ್ರತಿ ಹುಕ್ಕಿಗೂ ಜರ್ಸಿ, ಕೆಳಗೆ ಬೂಟು, ಪಕ್ಕದಲ್ಲಿ ನಾನು ಜೋಡಿ ಮಾಡಿದ ಸಾಕ್ಸ್.

ಪಾಯಿಂಟ್ಸ್ ಟೇಬಲ್‌ನಲ್ಲಿ ನಾವು ಅಂದುಕೊಂಡ ಜಾಗಕ್ಕೆ ಬರಲಿಲ್ಲ, ಅದು ಬೇಸರದ ವಿಷಯವೇ. ಆದರೆ ಕಿಟ್ ಸಿಬ್ಬಂದಿಯ ಹೆಸರು ಟಿವಿಯಲ್ಲಿ ಯಾವತ್ತೂ ಬರುವುದಿಲ್ಲ, ಫೋಟೋದಲ್ಲೂ ಅವರು ಕೊನೇ ಸಾಲಿನ ಅಂಚಿನಲ್ಲಿರುತ್ತಾರೆ. ಅದಕ್ಕೇ ಇಷ್ಟುದ್ದ ಬರೆದೆ. ಇಲ್ಲೂ ಹೆಸರು ಹಾಕಿಲ್ಲ, ಅವರಿಗೆ ಅದು ಇಷ್ಟ ಆಗಲ್ಲ ಅಂತ ಗೊತ್ತು. ತಂಡದವರಿಗೆಲ್ಲ ಯಾರು ಅಂತ ಹೇಳಬೇಕಾಗಿಲ್ಲ, ಅಲ್ವಾ?

ತಂಗೀ, ನಿನಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ನೀನು ಬೈಯುತ್ತೀಯ. ಆದರೂ ಹೇಳುತ್ತೇನೆ.

ಅಣ್ಣಾ, ಮನೆಗೆ ಬಂದ ಮೇಲೆ ಅಪ್ಪನಿಗೆ ಆ ರಾತ್ರಿಯ ವಿಷಯವೆಲ್ಲ ಹೇಳಿದೆ. ಈಗ ಅವರು ಅಂಗಳದಲ್ಲಿ ಒಂದೆರಡು ಸುತ್ತು ನಡೆಯುತ್ತಾರೆ, ಮಾತಾಡಿದರೆ ಇನ್ನೂ ಸ್ವಲ್ಪ ದಣಿವಾಗುತ್ತದೆ. ಬೆಳಿಗ್ಗೆ ಹತ್ತರ ಮೇಲೆ ಫೋನ್ ಮಾಡಿ. ನಿಮ್ಮ ಹತ್ತಿರ ಅವರೇ ಮಾತಾಡಬೇಕಂತೆ.