‘ನಾವು’ ಎಂದಾಗ ಕೇಳುವವರು ಒಳಗೋ ಹೊರಗೋ?

ಮಾನ್ಯ ಸಂಪಾದಕರೇ,

ತುಳುವಿನಲ್ಲಿ ‘ಎಂಕುಲು ಪೋಪ’ ಎಂದರೆ ನಾವು ಹೋಗುತ್ತೇವೆ, ನೀವು ಇಲ್ಲೇ ಇರಿ ಎಂದರ್ಥ. ‘ನಮ ಪೋಯಿ’ ಎಂದರೆ ನೀವೂ ಬನ್ನಿ, ಕೂಡಿಯೇ ಹೋಗೋಣ ಎಂದರ್ಥ. ಕನ್ನಡಕ್ಕೆ ಬರುವಾಗ ಎಂಕುಲು, ನಮ ಎರಡೂ ‘ನಾವು’ ಆಗಿಬಿಡುತ್ತವೆ. ನೆರೆಭಾಷೆಗಳಿಂದ ಕನ್ನಡಕ್ಕೂ ಕನ್ನಡದಿಂದ ನೆರೆಭಾಷೆಗಳಿಗೂ ಅನುವಾದ ದಿನದಿನಕ್ಕೆ ಹೆಚ್ಚುತ್ತಿರುವ ಈ ಹೊತ್ತಿನಲ್ಲಿ, ನಮ್ಮ ವ್ಯಾಕರಣ ಪಾಠದಲ್ಲಾಗಲಿ ಅನುವಾದ ತರಬೇತಿಯಲ್ಲಾಗಲಿ ಈ ವಿಷಯಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ. ಅದಕ್ಕಾಗಿ ಈ ಪತ್ರ.

ಕನ್ನಡದ ಸುತ್ತಲಿನ ಭಾಷೆಗಳನ್ನು ಒಮ್ಮೆ ನೋಡಿ. ಕೇಳುವವರನ್ನು ಬಿಟ್ಟು ಹೇಳುವ ‘ನಾವು’ ತಮಿಳಿನಲ್ಲಿ ‘ನಾಂಗಳ್’, ಸೇರಿಸಿ ಹೇಳುವುದು ‘ನಾಮ್’. ತೆಲುಗಿನಲ್ಲಿ ‘ಮೇಮು’ ಮತ್ತು ‘ಮನಮು’. ಮಲಯಾಳದಲ್ಲಿ ‘ಞಙ್ಙಳ್’ ಮತ್ತು ‘ನಮ್ಮಳ್’. ಕೊಡವದಲ್ಲೂ ಎರಡಿವೆ. ಉತ್ತರದ ಗಡಿ ದಾಟಿದರೆ ಮರಾಠಿಯಲ್ಲಿ ‘ಆಮ್ಹೀ’ ಮತ್ತು ‘ಆಪಣ್’. ಮರಾಠಿ ದ್ರಾವಿಡ ಭಾಷೆಯಲ್ಲ. ಆದರೂ ಅದರಲ್ಲಿ ಈ ಭೇದ ನೆಲೆಯೂರಲು ದ್ರಾವಿಡ ಭಾಷೆಗಳ ಒಡನಾಟ ಕಾರಣವೆಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಇಷ್ಟು ಭಾಷೆಗಳ ನಡುವೆ ಶಿಷ್ಟ ಕನ್ನಡ ಒಂದೇ ಒಂದು ‘ನಾವು’ ಇಟ್ಟುಕೊಂಡು ನಿಂತಿದೆ. ದ್ರಾವಿಡ ಕುಟುಂಬದಲ್ಲಿ ಹೀಗೆ ಭೇದವನ್ನು ಕಳೆದುಕೊಂಡ ಮತ್ತೊಂದು ಭಾಷೆ ದೂರದ ಬಲೂಚಿಸ್ತಾನದ ಬ್ರಾಹುಈ.

ಶಿಷ್ಟ ಕನ್ನಡ ಎಂದು ಒತ್ತಿ ಹೇಳಲು ಕಾರಣವಿದೆ. ಹವ್ಯಕ ಕನ್ನಡದಲ್ಲಿ ಈ ಭೇದ ಇಂದಿಗೂ ಜೀವಂತವಾಗಿದೆ. ಅಲ್ಲಿ ‘ಆನು’ ಎಂದರೆ ನಾನು, ‘ಎನಗೆ’ ಎಂದರೆ ನನಗೆ. ‘ಎಂಗೊ’ ಎಂದರೆ ನೀವಿಲ್ಲದ ನಾವು, ‘ನಾವು’ ಎಂದರೆ ನೀವೂ ಸೇರಿದ ನಾವು. ಪುಸ್ತಕದ ಕನ್ನಡ ಬಿಟ್ಟುಕೊಟ್ಟದ್ದನ್ನು ಮನೆಮಾತಿನ ಕನ್ನಡ ಉಳಿಸಿಕೊಂಡಿದೆ. ಇದನ್ನು ‘ಉಪಭಾಷೆಯ ವಿಶೇಷ’ ಎಂದು ಒಂದು ಸಾಲಿನಲ್ಲಿ ಮುಗಿಸುವುದು ತೀರಾ ಅನ್ಯಾಯ.

ಭೇದ ಕಳೆದುಹೋದದ್ದು ಹೇಗೆ? ದ್ರಾವಿಡ ಭಾಷೆಗಳನ್ನು ಹೋಲಿಸಿ ವಿದ್ವಾಂಸರು ಕಟ್ಟಿರುವ ಮೂಲರೂಪಗಳು ಮೂರು: ನಾನು ಎಂಬುದಕ್ಕೆ ‘ಯಾನ್’, ಕೇಳುವವರನ್ನು ಬಿಟ್ಟ ನಾವು ‘ಯಾಮ್’, ಸೇರಿಸಿದ ನಾವು ‘ಞಾಮ್’. ತುಳುವರು ಇಂದಿಗೂ ‘ಯಾನ್’ ಎನ್ನುತ್ತಾರೆ. ಹಳೆಯ ತಮಿಳಿನಲ್ಲೂ ಅದೇ ಇತ್ತು. ಹಳಗನ್ನಡದಲ್ಲಿ ಅದು ‘ಆನ್’, ಬಹುವಚನದಲ್ಲಿ ‘ಆಂ’. ಞಾಮ್ ಎಂಬುದು ‘ನಾಂ’ ಆಯಿತು. ಇಲ್ಲಿ ಗಮನಿಸಿ: ಏಕವಚನದ ಆರಂಭದಲ್ಲಿ ಮೊದಲು ನಕಾರವೇ, ಅಂದರೆ ‘ನ್’ ಧ್ವನಿಯೇ, ಇರಲಿಲ್ಲ. ‘ನಾಂ’ ಎಂಬ ಬಹುವಚನದ ಜೊತೆಗೆ ಹೊಂದಿಸಿ ಜನ ‘ನಾನ್’ ಎಂಬ ಏಕವಚನವನ್ನು ಮಾಡಿಕೊಂಡರು. ಇಂದಿನ ‘ನಾನು’ವಿನ ಮೊದಲಕ್ಷರ ನಾವು ನೀವು ಒಟ್ಟಿಗಿದ್ದ ಆ ‘ನಾವು’ವಿನಿಂದ ಬಂದದ್ದು.

ತೊಡಕು ಶುರುವಾದದ್ದೂ ಅಲ್ಲಿಯೇ. ಆನ್ ಮತ್ತು ನಾನ್ ಒಂದೇ ಅರ್ಥದ ಎರಡು ರೂಪಗಳಾದ ಮೇಲೆ, ಆಂ ಮತ್ತು ನಾಂ ಕೂಡ ಹಾಗೆಯೇ ಎಂದು ಕಿವಿ ಒಪ್ಪಿಕೊಳ್ಳುವುದು ಸಹಜ. ಹಳಗನ್ನಡದಲ್ಲೇ ‘ಎಮ್ಮ’, ‘ನಮ್ಮ’ ಎರಡೂ ಇದ್ದು, ಅವುಗಳ ನಡುವಣ ಗೆರೆ ಸಡಿಲವಾಗಿತ್ತು. ಮುಂದೆ ‘ಎಮ್ಮ’ ಆಡುಮಾತಿನಿಂದ ಹೊರಬಿತ್ತು. ಸೇರಿಸಿ ಹೇಳುವ ‘ನಮ್ಮ’ ಉಳಿದು, ಬಿಟ್ಟು ಹೇಳುವ ಕೆಲಸವನ್ನೂ ತಾನೇ ಹೊತ್ತಿತು. ತಮಿಳು ಈ ಗಂಡಾಂತರವನ್ನು ಬೇರೆ ದಾರಿಯಲ್ಲಿ ದಾಟಿತು: ನಾಮ್‌ಗೆ ‘ಕಳ್’ ಹಚ್ಚಿ ‘ನಾಂಗಳ್’ ಮಾಡಿ, ಅದನ್ನು ಬಿಟ್ಟು ಹೇಳುವ ನಾವಿಗೆ ಮೀಸಲಿಟ್ಟಿತು. ನಮ್ಮ ಪತ್ರವ್ಯವಹಾರಗಳಲ್ಲಿ ಕಾಣುವ ‘ನಾವುಗಳು’ ಎಂಬುದನ್ನು ಅಶುದ್ಧವೆಂದು ಕೆಂಪು ಶಾಯಿಯಲ್ಲಿ ತಿದ್ದುವವರು ಇದನ್ನು ನೆನೆಯಬೇಕು. ಬಹುವಚನಕ್ಕೆ ಮತ್ತೊಂದು ಬಹುವಚನ ಪ್ರತ್ಯಯ ಹಚ್ಚುವುದು ದ್ರಾವಿಡ ಭಾಷೆಗಳಿಗೆ ಹೊಸತೇನಲ್ಲ. ತುಳುವಿನ ‘ಎಂಕುಲು’ ಕೂಡ ಹೀಗೆ ಹುಟ್ಟಿದ್ದೇ.

ಮಾತು ಬದಲಾಗುವಾಗ ಕರ್ತೃರೂಪ ಮೊದಲು ಹೊಸತಾಗಿ, ವಿಭಕ್ತಿ ಹತ್ತುವ ರೂಪ ಹಳತನ್ನು ಬಹುಕಾಲ ಹಿಡಿದಿರುವುದುಂಟು. 12ನೇ ಶತಮಾನದ ಬಸವಣ್ಣನವರ ಒಂದೇ ವಚನದಲ್ಲಿ ‘ನಾನೇನ ಮಾಡಲಿ’ ಎಂದೂ ‘ಎನ್ನ ಕಾಲೇ ಕಂಬ’ ಎಂದೂ ಬರುತ್ತದೆ. ಕರ್ತೃಸ್ಥಾನದಲ್ಲಿ ನಕಾರದ ಹೊಸ ರೂಪ, ಷಷ್ಠಿಯಲ್ಲಿ ಹಳೆಯ ರೂಪ. ಇಂದಿನ ತಮಿಳು ನಿಂತಿರುವುದು ಇದೇ ಘಟ್ಟದಲ್ಲಿ: ‘ನಾನ್’ ಎನ್ನುವವರೇ ‘ಎನ್’, ‘ಎನಕ್ಕು’ ಎನ್ನುತ್ತಾರೆ. ಹಳೆಯ ‘ಎನ್’ ನಮ್ಮ ಕ್ರಿಯಾಪದದ ತುದಿಯಲ್ಲಿ ಇನ್ನೂ ಅಡಗಿದೆ. ‘ಬಂದೆನು’, ‘ಮಾಡುತ್ತೇನೆ’ ಎಂಬಲ್ಲಿನ ನಕಾರ ಅದರದ್ದೇ.

ಇಷ್ಟು ತಿಳಿದರೆ, ಆಗಾಗ ತಲೆಯೆತ್ತುವ ಇನ್ನೊಂದು ವಾದವನ್ನೂ ಪರೀಕ್ಷಿಸಬಹುದು. ‘ನಾನು’ ಸಂಸ್ಕೃತದ ‘ಅಹಂ’ನಿಂದ ಬಂದದ್ದು ಎನ್ನುವವರಿದ್ದಾರೆ. ಅಹಂ ಹೋದ ದಾರಿ ಸ್ಪಷ್ಟವಾಗಿದೆ: ಪ್ರಾಕೃತ, ಅಪಭ್ರಂಶಗಳನ್ನು ಹಾದು ಅದು ವ್ರಜಭಾಷೆಯಲ್ಲಿ ‘ಹೌಂ’, ಗುಜರಾತಿಯಲ್ಲಿ ‘ಹುಂ’, ನಮ್ಮ ಕರಾವಳಿಯ ಕೊಂಕಣಿಯಲ್ಲಿ ‘ಹಾಂವ್’ ಆಯಿತು. ಪಶ್ಚಿಮದಲ್ಲಿ ಲ್ಯಾಟಿನ್ನಿನ ‘ಎಗೋ’, ಹಳೆಯ ಇಂಗ್ಲಿಷಿನ ‘ಇಚ್’ ಅದರ ದಾಯಾದಿಗಳು. ಈ ಸಾಲಿನಲ್ಲಿ ಎಲ್ಲೂ ನಕಾರ ಹುಟ್ಟುವುದಿಲ್ಲ. ಹಿಂದಿಯ ‘ಮೈಂ’ ಕೂಡ ಅಹಂನ ಮಗುವಲ್ಲ. ‘ನನ್ನಿಂದ’ ಎಂಬರ್ಥದ ‘ಮಯಾ’ ಸವೆದು ಕರ್ತೃಸ್ಥಾನಕ್ಕೆ ಬಂದ ರೂಪ ಅದು. ಎರಡು ಪದಗಳು ಒಂದೇ ಅರ್ಥ ಕೊಡುತ್ತವೆ ಎಂಬುದು ನಂಟಿಗೆ ಸಾಕ್ಷಿಯಾಗದು. ಒಂದೊಂದು ಧ್ವನಿಯೂ ಹೇಗೆ ಬದಲಾಯಿತೆಂದು ತೋರಿಸಬೇಕು.

ಇನ್ನು ಅನುವಾದಕರ ಮೇಜಿಗೆ ಬರೋಣ. ಮೂಲ ತುಳು, ತಮಿಳು, ತೆಲುಗು, ಮಲಯಾಳ ಅಥವಾ ಮರಾಠಿಯಲ್ಲಿದ್ದರೆ, ಮೊದಲ ಓದಿನಲ್ಲೇ ಪ್ರತಿ ‘ನಾವು’ವಿನ ಪಕ್ಕದಲ್ಲಿ ‘ಸೇ’ ಅಥವಾ ‘ಬಿ’ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ: ಸೇರಿಸಿದ್ದು, ಬಿಟ್ಟದ್ದು. ತಮಿಳು, ತೆಲುಗುಗಳಲ್ಲಿ ಸರ್ವನಾಮ ಅನೇಕ ಸಲ ಲೋಪವಾಗಿರುತ್ತದೆ, ಕ್ರಿಯಾಪದದ ಪ್ರತ್ಯಯ ಎರಡಕ್ಕೂ ಒಂದೇ. ಆಗ ಹತ್ತಿರದ ಷಷ್ಠಿ ರೂಪ ಹುಡುಕಿ. ತೆಲುಗಿನ ‘ಮಾ’ ಬಿಟ್ಟದ್ದು, ‘ಮನ’ ಸೇರಿಸಿದ್ದು. ತುಳುವಿನ ‘ಎಂಕ್ಲೆನ’ ಬಿಟ್ಟದ್ದು, ‘ನಮ್ಮ’ ಸೇರಿಸಿದ್ದು. ಮರಾಠಿಯ ‘ಆಪಣ್’ ಹತ್ತಿರ ಹೆಚ್ಚು ಎಚ್ಚರ ಬೇಕು. ಅದು ಸೇರಿಸಿ ಹೇಳುವ ನಾವೂ ಹೌದು, ಗೌರವದ ‘ತಾವು’ ಕೂಡ ಹೌದು. ಸಂದರ್ಭ ನೋಡದೆ ಒಂದನ್ನೇ ಹಿಡಿದರೆ ಇಡೀ ಸಂಭಾಷಣೆ ತಲೆಕೆಳಗಾಗುತ್ತದೆ.

ಕನ್ನಡದಲ್ಲಿ ಸೇರಿಸುವ ಅರ್ಥ ಪೂರ್ತಿ ಅಳಿದಿಲ್ಲ. ‘ಹೋಗೋಣ’, ‘ಮಾಡೋಣ’ ಎಂಬ ‘-ಓಣ’ ರೂಪದಲ್ಲಿ ಅದು ಗಟ್ಟಿಯಾಗಿ ಕೂತಿದೆ. ‘ನಾವು ಹೋಗೋಣ’ ಎಂದಾಗ ಎದುರಿಗಿದ್ದವರು ಹೊರಗುಳಿಯಲಾರರು. ಆದ್ದರಿಂದ ಮೂಲದ ವಾಕ್ಯವನ್ನು ‘-ಓಣ’ಕ್ಕೆ ತಿರುಗಿಸಿದರೆ ಅರ್ಥ ಕೆಡುವುದಿಲ್ಲವೆಂದಾದರೆ ಅದನ್ನೇ ಬಳಸಿ. ಉಳಿದ ಕಡೆ ಸೇರಿಸಲು ‘ನಾವೂ ನೀವೂ’ ಎನ್ನಿ. ಬಿಡಲು ‘ನಮ್ಮ ಮನೆಯವರು’, ‘ನಮ್ಮ ತಂಡದವರು’ ಎಂದು ಗುಂಪಿನ ಹೆಸರು ಹೇಳುವುದೇ ಸುಲಭ. ‘ನಾವೆಲ್ಲ’ ಎಂಬುದನ್ನು ನಂಬಬೇಡಿ. ತಡವಾಗಿ ಬಂದ ನೆಂಟರಿಗೆ ‘ನಾವೆಲ್ಲ ಊಟ ಮಾಡಿದೆವು’ ಎನ್ನುತ್ತೇವಲ್ಲ, ಅಲ್ಲಿ ಕೇಳುವವರು ಹೊರಗೇ ಇದ್ದಾರೆ. ಪ್ರತಿ ಸಾಲಿನಲ್ಲೂ ಹೀಗೆ ಬಿಡಿಸಿ ಬರೆದರೆ ಕನ್ನಡ ಭಾರವಾಗುತ್ತದೆ; ಮೊದಲ ಸಲ, ಮತ್ತೆ ಗುಂಪು ಬದಲಾಗುವ ಕಡೆ ಬಿಡಿಸಿದರೆ ಸಾಕು.

ಆದರೆ ಗುಂಪು ಬದಲಾಗುವ ಆ ಜಾಗವೇ ಕತೆಯ ಜೀವವಾಗಿರಬಹುದು. ಹೊಸ ಸೊಸೆಯೆದುರು ದಿನವೂ ‘ಎಂಕ್ಲೆನ ಇಲ್ಲ್’ ಎನ್ನುತ್ತಿದ್ದ ಅತ್ತೆ ಒಂದು ದಿನ ‘ನಮ್ಮ ಇಲ್ಲ್’ ಎಂದರೆ, ತುಳು ಓದುಗರ ಕಣ್ಣು ತೇವವಾಗುತ್ತದೆ. ಕನ್ನಡದಲ್ಲಿ ಎರಡೂ ಕಡೆ ‘ನಮ್ಮ ಮನೆ’ ಎಂದು ಬರೆದರೆ ಏನೂ ನಡೆದೇ ಇಲ್ಲ. ಅಲ್ಲಿ ಅನುವಾದಕರು ಮೊದಲಿನದನ್ನು ‘ನಮ್ಮ ಮನೇಲಿ ಹಾಗೆಲ್ಲ ಇಲ್ಲಮ್ಮ’ ಎಂಬ ಧಾಟಿಯಲ್ಲಿಟ್ಟು, ಎರಡನೆಯದಕ್ಕೆ ‘ನಮ್ಮ ನಿಮ್ಮೆಲ್ಲರ ಮನೆ’ ಎನ್ನುವಷ್ಟು ಸ್ವಾತಂತ್ರ್ಯ ತೆಗೆದುಕೊಳ್ಳಲೇಬೇಕು.

ಕನ್ನಡದಿಂದ ಹೊರಗೆ ಹೋಗುವಾಗ ತಪ್ಪು ಇನ್ನೂ ಬೇಗ ಬಯಲಾಗುತ್ತದೆ. ಬಳ್ಳಾರಿ, ಕೋಲಾರದ ಕಡೆ ಆಸ್ಪತ್ರೆಯೊಂದು ‘ನಾವು ನಾಳೆ ಶಸ್ತ್ರಚಿಕಿತ್ಸೆ ಮಾಡುತ್ತೇವೆ’ ಎಂಬುದನ್ನು ತೆಲುಗಿಗೆ ‘ಮನಮು’ ಹಾಕಿ ತಿರುಗಿಸಿದರೆ, ಶಸ್ತ್ರಚಿಕಿತ್ಸೆ ಮಾಡುವವರಲ್ಲಿ ರೋಗಿಯೂ ಒಬ್ಬ ಎಂದಾಗುತ್ತದೆ. ಅಲ್ಲಿ ‘ಮೇಮು’ ಬೇಕು. ‘ನಮ್ಮ ಶಾಲೆ’ ಎಂಬ ಫಲಕಕ್ಕೆ ‘ಮಾ ಬಡಿ’ ಎಂದರೆ ಶಾಲೆ ಶಿಕ್ಷಕರದ್ದು, ಪೋಷಕರಿಗೆ ಅದು ಪರಕೀಯ; ಅಲ್ಲಿ ‘ಮನ ಬಡಿ’ಯೇ ಸರಿ. ‘ನಮ್ಮ ಮೆಟ್ರೊ’ ಎಂಬ ಹೆಸರು ತಮಿಳರ ಕಿವಿಗೂ ತುಳುವರ ಕಿವಿಗೂ ಹಾಗೇ ಇಂಪಾಗಿ ಸೇರುವುದಕ್ಕೆ ಕಾರಣ, ಅವರ ಆಡುಮಾತಿನಲ್ಲೂ ‘ನಮ್ಮ’ ಎಂದರೆ ನಿಮ್ಮದೂ ಹೌದು ಎಂಬುದು. ಯಂತ್ರಾನುವಾದದಲ್ಲಿ ಮತ್ತೊಂದು ಕಷ್ಟವಿದೆ. ತಮಿಳಿನಲ್ಲೂ ತೆಲುಗಿನಲ್ಲೂ ಭೇದವಿದ್ದರೂ ನಡುವೆ ಇಂಗ್ಲಿಷನ್ನೋ ಕನ್ನಡವನ್ನೋ ಹಾಯಿಸಿದರೆ ಅದು ಅಲ್ಲಿಯೇ ಸೋರಿಹೋಗುತ್ತದೆ. ಆಚೆ ದಡದಲ್ಲಿ ಯಂತ್ರ ಊಹಿಸಬೇಕಾಗುತ್ತದೆ.

ದಸ್ತಾವೇಜು ಬರಹಗಾರರು ಈ ಸಮಸ್ಯೆಯನ್ನು ತಮ್ಮದೇ ರೀತಿಯಲ್ಲಿ ಬಗೆಹರಿಸಿಕೊಂಡಿದ್ದಾರೆ. ‘ನಿಮಗೆ ಬರೆದುಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೇನೆಂದರೆ’ ಎಂದು ತೊಡಗುವ ಪತ್ರದಲ್ಲಿ ಮಾರುವವರು, ಕೊಳ್ಳುವವರು ಇಬ್ಬರ ಹೆಸರೂ ಮೇಲೆಯೇ ನಮೂದಾಗಿರುವುದರಿಂದ, ಮುಂದೆ ಬರುವ ‘ನಾವು’ ಮಾರುವವರಷ್ಟೇ. ವಿಭಾಗಪತ್ರದಲ್ಲಿ ಅದೇ ‘ನಾವುಗಳು’ ಪಾಲುದಾರರೆಲ್ಲರನ್ನೂ ಒಳಗೊಳ್ಳುತ್ತದೆ. ವಸತಿ ಸಂಘಗಳ ಸುತ್ತೋಲೆಗಳಲ್ಲಿ ಈ ಶಿಸ್ತು ಇರುವುದಿಲ್ಲ. ‘ಟ್ಯಾಂಕರ್ ನೀರಿನ ಖರ್ಚು ನಾವೇ ಭರಿಸಬೇಕು’ ಎಂದರೆ ಸಮಿತಿಯೋ ಎಲ್ಲ ನಿವಾಸಿಗಳೋ? ಜಗಳ ಬೇಡವೆಂದಾದರೆ ‘ಎಲ್ಲ ಸದಸ್ಯರೂ’ ಎಂದೇ ಬರೆಯಬೇಕು.

ಸಂವಿಧಾನದ ಪೀಠಿಕೆಯಲ್ಲಿ ನಮಗೆ ‘ನಾವು’ ಎಂದರೆ ಸಾಕು. ತಮಿಳಿನಲ್ಲಿ ಅದು ‘ನಾಮ್’, ಮರಾಠಿಯಲ್ಲಿ ‘ಆಮ್ಹೀ’. ತಮಿಳರ ಪೀಠಿಕೆ ಪ್ರಜೆಗಳು ಒಬ್ಬರಿಗೊಬ್ಬರು ಹೇಳಿಕೊಂಡಂತಿದೆ, ಮರಾಠಿಗರದ್ದು ಪ್ರಜೆಗಳು ಜಗತ್ತಿಗೆ ಸಾರಿದಂತಿದೆ. ಎರಡೂ ಸಲ್ಲುತ್ತವೆ. ಆ ಅನುವಾದಕರು ಒಂದು ಆಯ್ಕೆ ಮಾಡಲೇಬೇಕಾಗಿತ್ತು.

ಇದು ನಮ್ಮ ಉಪಖಂಡದ ವಿಷಯ ಮಾತ್ರವಲ್ಲ. ಪೆರುವಿನ ಕೆಚುವಾ ಭಾಷೆಗೆ 1560ರಲ್ಲಿ ವ್ಯಾಕರಣ ಬರೆದ ಪಾದ್ರಿ ದೊಮಿಂಗೊ ದೆ ಸಾಂತೊ ತೊಮಾಸ್ ಆ ಭಾಷೆಯ ಎರಡು ‘ನಾವು’ಗಳನ್ನು ಆಗಲೇ ಗುರುತಿಸಿದ್ದರು. ಮಲಯ್ ಭಾಷೆಯಲ್ಲಿ ‘ಕಾಮಿ’ ಬಿಟ್ಟದ್ದು, ‘ಕೀತಾ’ ಸೇರಿಸಿದ್ದು. ಅದೇ ಮಲಯ್‌ನ ‘ನಾನು’, ಅಂದರೆ ‘ಸಾಯಾ’, ಸಂಸ್ಕೃತದ ‘ಸಹಾಯ’ದಿಂದ ಹೋದದ್ದು, ಜೊತೆಗಾರ ಎಂಬರ್ಥದ ಪದ ಅಲ್ಲಿ ಸೇವಕ ಎಂಬರ್ಥ ಪಡೆದು, ವಿನಯದಿಂದ ತನ್ನನ್ನು ಹೇಳಿಕೊಳ್ಳುವ ಮಾತಾಯಿತು. ಜಪಾನಿನ ಗಂಡಸರ ‘ಬೊಕು’ ಕೂಡ ಮೂಲದಲ್ಲಿ ಸೇವಕನೇ. ಥಾಯ್ ಗಂಡಸರ ‘ಫೊಮ್’ ಎಂದರೆ ತಲೆಗೂದಲು. ಚೀನದಲ್ಲಿ ಕ್ರಿ.ಪೂ. 221ರಲ್ಲಿ ಮೊದಲ ಚಕ್ರವರ್ತಿ ‘ಝೆನ್’ ಎಂಬ ‘ನಾನು’ವನ್ನು ತನಗೊಬ್ಬನಿಗೇ ಮೀಸಲು ಮಾಡಿಕೊಂಡ. ನಮ್ಮಲ್ಲೂ ಶ್ರೀವೈಷ್ಣವರು ಹಿರಿಯರೆದುರು ‘ಅಡಿಯೇನ್’ ಎನ್ನುತ್ತಾರೆ. ಅಡಿ ಎಂದರೆ ಪಾದ, ತುದಿಯಲ್ಲಿರುವುದು ‘ನಾನು’ ಎಂಬ ಪ್ರತ್ಯಯ. ಜಪಾನಿ ಕತೆಯ ಹುಡುಗ ‘ಬೊಕು’ ಬಿಟ್ಟು ಒರಟಾದ ‘ಒರೆ’ಗೆ ಹೊರಳಿದರೆ, ಕನ್ನಡದಲ್ಲಿ ಆ ಹೊರಳನ್ನು ಕ್ರಿಯಾಪದದ, ಸಂಬೋಧನೆಯ ಧಾಟಿ ಬದಲಿಸಿ ತೋರಿಸಬೇಕು. ‘ನಾನು’ ಅದನ್ನು ಹೊರಲಾರದು.

ಪಠ್ಯಪುಸ್ತಕದ ಬಗ್ಗೆ ಎರಡು ಮಾತು. ನಾಮಪದದ ಬದಲಿಗೆ ಬರುವುದು ಸರ್ವನಾಮ ಎಂದು ಮಕ್ಕಳಿಗೆ ಕಲಿಸುತ್ತೇವೆ. ‘ಅವನು ಬಂದನು’ ಎಂಬಲ್ಲಿ ‘ರಾಮನು ಬಂದನು’ ಎನ್ನಬಹುದು. ‘ನಾನು ಬಂದೆನು’ ಎಂಬಲ್ಲಿ ‘ರಾಮನು ಬಂದೆನು’ ಎನ್ನಲಾಗದು. ನಾನು, ನೀನು ಯಾವ ಹೆಸರಿಗೂ ಬದಲಿಯಲ್ಲ, ಮಾತಿನಲ್ಲಿ ಯಾರು ಯಾವ ಪಾತ್ರದಲ್ಲಿದ್ದಾರೆಂದು ತೋರಿಸುತ್ತವೆ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಿವರವಾಗಿ ತೋರಿಸಿಕೊಟ್ಟಿದ್ದಾರೆ. ಎರಡನೆಯದು ಹೆಸರಿನ ಗೊಂದಲ. ನಮ್ಮ ವ್ಯಾಕರಣದಲ್ಲಿ ‘ನಾನು’ ಉತ್ತಮ ಪುರುಷ, ‘ಅವನು’ ಪ್ರಥಮ ಪುರುಷ. ಇಂಗ್ಲಿಷಿನ ಎಣಿಕೆ ಇದಕ್ಕೆ ಉಲ್ಟಾ. ಹಾಗಾಗಿ ಪುಸ್ತಕ ವಿಮರ್ಶೆಗಳಲ್ಲಿ ‘ನಾನು’ ಎಂದು ಹೇಳಿಕೊಳ್ಳುವ ಕಾದಂಬರಿಯನ್ನು ‘ಪ್ರಥಮ ಪುರುಷ ನಿರೂಪಣೆ’ ಎಂದು ಕರೆಯುವುದು ಪೂರ್ತಿ ತಪ್ಪು. ಅದು ‘ಉತ್ತಮ ಪುರುಷ ನಿರೂಪಣೆ’. ತಮ್ಮ ಪುರವಣಿಯ ಉಪಸಂಪಾದಕರು ಇದನ್ನು ಗಮನಿಸಬೇಕೆಂದು ಕೋರಿಕೆ.

ಪ್ರೌಢಶಾಲೆಯ ವ್ಯಾಕರಣ ಭಾಗದಲ್ಲಿ ಇದಕ್ಕೆ ಒಂದು ಪುಟ ಕೊಟ್ಟರೆ ಸಾಕು. ಪುತ್ತೂರು, ಮಡಿಕೇರಿ, ಬೆಳಗಾವಿ, ಕೋಲಾರದ ತರಗತಿಗಳಲ್ಲಿ ‘ನಿಮ್ಮ ಮನೆಯಲ್ಲಿ ನಾವು ಎನ್ನುವುದಕ್ಕೆ ಎಷ್ಟು ಮಾತಿವೆ?’ ಎಂದು ಶಿಕ್ಷಕರು ಕೇಳಲಿ. ತುಳು, ಹವ್ಯಕ, ಕೊಡವ, ಮರಾಠಿ, ತೆಲುಗು ಮನೆಮಾತಿನ ಮಕ್ಕಳೇ ಬೋರ್ಡಿನ ಬಳಿ ಬಂದು ಬರೆಯುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಕನ್ನಡ ಅಧ್ಯಾಪಕ, ಪುತ್ತೂರು (ದ.ಕ.)